ಒಲೆಬಿಲ್ಲೆಗೆ ಹುಣಸೆಹುಳಿ

ಒಲೆಗೆ ಒಟ್ಟಿದ ಕಟ್ಟಿಗೆಯ ಮುಕ್ಕಾಲು ಪಾಲು ಬಿಸಿ ಸುಮ್ಮನೆ ಗಾಳಿಗೆ ಹೋಗುತ್ತದೆ. ಆ ಬಿಸಿಯನ್ನು ಹಿಡಿದು ಕರೆಂಟು ಮಾಡಿದರೆ ಹೇಗೆ? ಈ ಒಂದು ಪ್ರಶ್ನೆಯಿಂದ ಸಂಡೂರಿನ ಗುಡ್ಡದ ಬುಡದಲ್ಲಿ ಒಂದು ಸಂಶೋಧನಾ ಕೇಂದ್ರ ಎದ್ದಿತು, ಅಲ್ಲಿಂದ ಅಂಗೈ ಅಗಲದ ಬಿಲ್ಲೆಯೊಂದು ಹೊರಬಂತು, ಆ ಬಿಲ್ಲೆಯಿಂದ ಮೂರು ಜಿಲ್ಲೆಗಳ ಅಡುಗೆಮನೆಗಳಲ್ಲಿ ದೀಪ ಹತ್ತಿತು. ಕೊನೆಗೆ ಅದೇ ಬಿಲ್ಲೆಯ ದೆಸೆಯಿಂದ ಫಕೀರವ್ವ ಎಂಬ ಮುದುಕಿ ಸೆರೆಮನೆ ಸೇರಿದಳು. ಸೊಸೆಗೆ ಬೆಂಕಿ ಹಚ್ಚಿದಳು ಎಂಬುದು ಅವಳ ಮೇಲಿನ ಆರೋಪ.

"ಬಿಲ್ಲೆಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ," ಎಂದು ಕೇಂದ್ರದ ನಿರ್ದೇಶಕ ಡಾ. ಮಧುಕರ ಕಾಳಗಿ ವರದಿಯ ಕೊನೆಯ ಪುಟ ಓದಿದರು. "ಬೆಂಕಿಗೆ ಕೌಟುಂಬಿಕ ಕಾರಣಗಳಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇಷ್ಟೇ. ಎಲ್ಲರೂ ಸಹಿ ಹಾಕಿದರೆ ಇವತ್ತೇ ಪೊಲೀಸರಿಗೆ ಕಳಿಸಿಬಿಡೋಣ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಮುದುಕಿ ಹಚ್ಚಿದಳೆಂದೂ ಹೇಳಲಿಲ್ಲ, ಹಚ್ಚಿಲ್ಲವೆಂದೂ ಹೇಳಲಿಲ್ಲ. ಬಿಲ್ಲೆಯನ್ನು ಮಾತ್ರ ಹಾಲಿನಲ್ಲಿ ತೊಳೆದು ಮೇಲಿಟ್ಟರು. ವಿಚಾರಣಾ ಸಮಿತಿಯಲ್ಲಿದ್ದ ನಾಲ್ವರು ಗಂಡಸರು ಪೆನ್ನು ತೆಗೆದು ಸಹಿ ಹಾಕಿದರು. ಉಳಿದವಳು ಡಾ. ನೀಲಗಂಗಾ ಅಂಗಡಿ, ಬಿಲ್ಲೆಯೊಳಗಿನ ಮಿಶ್ರಲೋಹವನ್ನು ಹದಗೊಳಿಸಿದವಳು. ಸಿಟ್ಟು ಬಂದರೆ ಅವಳಿಗೆ ಮೊದಲು ಕಿವಿ ಕಾಯುತ್ತವೆ. ಈಗ ಎರಡೂ ಕಿವಿ ಕಾದಿದ್ದವು.

"ಕೌಟುಂಬಿಕ ಕಾರಣ ಅಂತ ಬರೆಯೋಕೆ ನಾವು ಯಾರು ಸರ್?" ಎಂದಳು. "ನಾವು ನೋಡಿದ್ದು ಬಿಲ್ಲೆಯನ್ನು. ಆ ಮನೆ ನೋಡಿಲ್ಲ, ಸುಟ್ಟುಕೊಂಡ ಹುಡುಗಿಯನ್ನು ಮಾತಾಡಿಸಿಲ್ಲ."

"ಪೊಲೀಸರು ಮಾತಾಡಿಸಿದ್ದಾರಲ್ಲ. ಹಿತ್ತಲಲ್ಲಿ ಒಲೆ ಇಲ್ಲ, ದೀಪ ಇಲ್ಲ. ಒಂದು ಬಕೆಟ್ ನೀರು, ಆ ನೀರಲ್ಲಿ ತೊಳೆಯೋಕೆ ಹಾಕಿದ್ದ ನಮ್ಮ ಬಿಲ್ಲೆ. ನೀರು ಎಲ್ಲಾದರೂ ಹೊತ್ತಿಕೊಳ್ಳುತ್ತಾ? ಅತ್ತೆಯ ಎರಡೂ ಅಂಗೈ ಸುಟ್ಟಿವೆ. ಇನ್ನೇನು ಸಾಕ್ಷಿ ಬೇಕು?"

"ಆರಿಸೋಕೆ ಹೋದವಳ ಕೈಯೂ ಸುಡುತ್ತೆ ಸರ್."

ಕಾಳಗಿ ನಕ್ಕರು. ಅವರ ನಗೆ ಯಾವಾಗಲೂ ಸಭ್ಯವಾಗಿರುತ್ತದೆ, ಅದೇ ಅದರ ದೊಡ್ಡ ಐಬು. "ಡಾಕ್ಟರ್ ನೀಲಗಂಗಾ, ವಿಜಯದಶಮಿಗೆ ಎರಡನೇ ಹಂತದ ಉದ್ಘಾಟನೆ. ಇನ್ನೂ ಐದು ಜಿಲ್ಲೆಗೆ ಬಿಲ್ಲೆ ಹೋಗಬೇಕು. ನಿಮ್ಮದೇ ಕೂಸು ಅದು. ಸಹಿ ಹಾಕಿ."

"ಆ ಹುಡುಗಿಯನ್ನು ನೋಡಿ ಬಂದು ಹಾಕ್ತೀನಿ," ಎಂದು ಅವಳು ಎದ್ದಳು.

ಗೇಟಿನ ಹೊರಗೆ ಆಳೆತ್ತರದ ಫಲಕವಿದೆ. ಅದರ ಮೇಲೆ ಬೇರೇನೂ ಇಲ್ಲ, ೨.೧ ಎಂಬ ಅಂಕಿ ಮಾತ್ರ. ಬಿಲ್ಲೆಯ ಒಳಗೆ ಎರಡು ಬಗೆಯ ಪುಟ್ಟ ಕಂಬಗಳಿವೆ, ಜೋಡಿ ಜೋಡಿಯಾಗಿ. ಒಂದು ಮ್ಯಾಂಗನೀಸ್ ಮತ್ತು ಸಿಲಿಕಾನ್ ಕೂಡಿದ್ದು. ಮ್ಯಾಂಗನೀಸಿಗೆ ಸಂಡೂರಿನಲ್ಲೇನು ಬರವೇ? ಇನ್ನೊಂದು ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿದ್ದು. ಕಂಬದ ಒಂದು ತುದಿ ಒಲೆಯ ಕಡೆಗೆ, ಇನ್ನೊಂದು ತುದಿ ಹೊರಗಾಳಿಗೆ. ಕಾದ ತುದಿಯಿಂದ ತಂಪು ತುದಿಗೆ ವಿದ್ಯುತ್ ಕಣಗಳು ಹರಿದರೆ ಅದೇ ಕರೆಂಟು. ಆದರೆ ಕಣಗಳ ಬೆನ್ನಿಗೇ ಬಿಸಿಯೂ ದಾಟಿಬಿಟ್ಟರೆ ಎರಡು ತುದಿಯೂ ಒಂದೇ ಸಮ ಕಾದು, ಹರಿವು ನಿಂತುಹೋಗುತ್ತದೆ. ಕಣ ದಾಟಬೇಕು, ಬಿಸಿ ದಾಟಬಾರದು.

ನೀಲಗಂಗಾ ಹತ್ತು ವರ್ಷ ಹೆಣಗಿದ್ದು ಇದಕ್ಕೇ. ಮೆಗ್ನೀಸಿಯಂ ಕಂಬದಲ್ಲಿ ಸಿಲಿಕಾನ್ ಪರಮಾಣುಗಳನ್ನು ಅರ್ಧಕ್ಕಿಂತ ಹೆಚ್ಚು ತೆಗೆದು, ಆ ಜಾಗಗಳಲ್ಲಿ ಭಾರವಾದ ತವರದ ಪರಮಾಣುಗಳನ್ನು ಕೂರಿಸಿದಳು. ಮೇಲೊಂದು ಚಿಟಿಕೆ ಬಿಸ್ಮತ್ ಬೆರೆಸಿದಳು. ದಾರಿಯಲ್ಲಿ ಅಲ್ಲಲ್ಲಿ ಕಲ್ಲು ಬಿದ್ದರೆ ಬಂಡಿ ನಿಲ್ಲುತ್ತದೆ, ಇರುವೆ ನಿಲ್ಲುವುದಿಲ್ಲ. ಬಿಸಿ ಬಂಡಿ ಇದ್ದ ಹಾಗೆ, ವಿದ್ಯುತ್ ಕಣ ಇರುವೆ ಇದ್ದ ಹಾಗೆ. ಮಿಶ್ರಲೋಹದ ಯೋಗ್ಯತೆ ಅಳೆಯುವ ಗುಣಾಂಕ ಮೊದಲು ಒಂದನ್ನೂ ದಾಟುತ್ತಿರಲಿಲ್ಲ, ಅದು ಏರುತ್ತ ಏರುತ್ತ ೨.೧ಕ್ಕೆ ಮುಟ್ಟಿತು. ಕಾಳಗಿ ಆ ಅಂಕಿಯನ್ನು ಗೇಟಿಗೆ ನಿಲ್ಲಿಸಿದರು. ಜೋಳದ ರೊಟ್ಟಿಗೆ ಇಂದಿಗೂ ಕಟ್ಟಿಗೆ ಒಲೆಯೇ ಸೈ ಎನ್ನುವ ಸೀಮೆಯಲ್ಲಿ ಪ್ರತಿ ಒಲೆಯ ಕಂಠಕ್ಕೂ ಆರಾರು ಬಿಲ್ಲೆ ಸಿಕ್ಕಿಸಿದ್ದಾಯಿತು. ಗೋಡೆಗೊಂದು ಪೆಟ್ಟಿಗೆ: ಅದರಲ್ಲಿ ಬ್ಯಾಟರಿ, ಒಂದು ಪುಟ್ಟ ಸ್ಪೀಕರ್. ದಿನಾ ಬೆಳಗ್ಗೆ ಅದರಿಂದ ಕಾಳಗಿಯವರ ದನಿ ಬರುತ್ತಿತ್ತು: "ನಿಮ್ಮ ಒಲೆ, ನಿಮ್ಮ ಬೆಳಕು."

*

ಜಿಲ್ಲಾಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡಿನ ಕಿಟಕಿ ಪಕ್ಕದ ಮಂಚ ಹುಲಿಗೆಮ್ಮನದು. ಇಪ್ಪತ್ತೆರಡರ ಪ್ರಾಯ. ಮುಖದ ಎಡಭಾಗ, ಕುತ್ತಿಗೆ, ಎರಡೂ ತೋಳು ಬ್ಯಾಂಡೇಜಿನಲ್ಲಿದ್ದವು. ಗಂಡ ಅದಿರು ಲಾರಿಯ ಡ್ರೈವರ್. ಅವ್ವನನ್ನು ಬಿಡಿಸಲು ಪೊಲೀಸ್ ಠಾಣೆಗೆ ಒಮ್ಮೆ, ಹೆಂಡತಿಯನ್ನು ನೋಡಲು ಇಲ್ಲಿಗೆ ಒಮ್ಮೆ ಓಡಾಡಿ ಸುಸ್ತಾಗಿ ಬಾಗಿಲ ಬಳಿ ಕೂತಿದ್ದ.

"ನೀವೂ ಪೊಲೀಸರೇನ್ರೀ?" ಹುಲಿಗೆಮ್ಮ ಕೇಳಿದಳು.

"ಅಲ್ಲವ್ವಾ ತಂಗಿ. ಬಿಲ್ಲಿ ಮಾಡಿದಾಕಿ ನಾ."

ಹುಡುಗಿಯ ಒಂದೇ ಕಣ್ಣು ಅವಳನ್ನು ದಿಟ್ಟಿಸಿತು. "ಹಂಗಾರ ನಿಮಗ ಗೊತ್ತಿರಬೇಕಲ್ರೀ. ನಮ್ಮತ್ತಿ ಹಚ್ಚಿಲ್ಲ. ಎಷ್ಟ್ ಮಂದೀಗೆ ಹೇಳ್ಲಿ? ಸಣ್ಣಾಕಿ, ಅಂಜ್ಯಾಳ, ಅತ್ತೀನ್ನ ಬಿಡಿಸಾಕ ಸುಳ್ಳ ಹೇಳ್ತಾಳ ಅಂತಾರ. ಕಡ್ಡಿ ಯಾರೂ ಗೀರಿಲ್ಲ. ನಾ ಬಕೀಟಿನ ಮುಚ್ಚಳ ತಗದೆ, ಭಗ್ಗ ಅಂತು."

"ಮುಚ್ಚಳ ಯಾಕ ಹಾಕಿದ್ರಿ?"

"ದಸರಾ ಮುಂಚಿನ ಮಾನಮಿ ಅಮಾಸಿ ಬಂತಲ್ರೀ. ಮನಿ ಎಲ್ಲಾ ತೊಳೀತಿದ್ವಿ. ಬಿಲ್ಲಿ ಮಸಿ ಹಿಡಿದು ಕರ್ರಗಾಗಿದ್ವು. ತಂಬಿಗಿ, ದೀಪದ ಸಮೆ ಎಲ್ಲಾದ್ರ ಕೂಡ ಅವನ್ನೂ ಬಕೀಟಿನಾಗ ನೆನಿ ಹಾಕಿದ್ವಿ. ಮೊದ್ಲ ಚಟಪಟ ಸಪ್ಪಳ ಬಂತು. ಕೊಳಿ ತಿನ್ನಾಕತ್ತೈತಿ ಬಿಡು ಅಂದ್ಲು ಅತ್ತಿ. ಬೆಕ್ಕು ಕೆಡವ್ತೈತಿ ಅಂತ ಮುಚ್ಚಳದ ಮ್ಯಾಲೆ ಕಲ್ಲಿಟ್ಲು. ಮುಂಜಾನಿ ಎದ್ದು ನಾ ತಗದೆ." ಅವಳು ಉಸಿರು ತೆಗೆದುಕೊಂಡಳು. "ಅತ್ತಿ ಬಂದು ಬರೇ ಕೈಯಾಗ ನನ್ನ ಸೀರಿ ಬೆಂಕಿ ಬಡಿದಾಳ್ರೀ. ಆ ಕೈ ತೋರಿಸೇ ಒಯ್ದ್ರು ಅಕೀನ್ನ."

ಹೊರಡುವಾಗ ನೀಲಗಂಗಾ ಹುಡುಗಿಯ ತಲೆ ನೇವರಿಸಿದಳು. ಕೂದಲ ಬುಡದಲ್ಲಿ, ಕಿವಿಯ ಹಿಂದೆ ಏನೋ ಬೆರಳಿಗೆ ಹತ್ತಿತು. ನುಣ್ಣನೆಯ ಬಿಳಿ ಪುಡಿ, ನರ್ಸಮ್ಮಂದಿರು ಎಷ್ಟು ಒರೆಸಿದರೂ ಪೂರ್ತಿ ಹೋಗಿರಲಿಲ್ಲ.

"ಇದೇನು?"

"ಹಿತ್ತಲ ಗ್ವಾಡಿ ಮ್ಯಾಲೂ ಹಂಗ ಬಿದ್ದೈತ್ರಿ," ಎಂದ ಬಾಗಿಲಲ್ಲಿ ಕೂತ ಗಂಡ. "ಸುಣ್ಣ ಇರಬೇಕು ಅಂದ್ರು ಪೊಲೀಸರು."

ಬಸ್ಸಿನುದ್ದಕ್ಕೂ ಅವಳು ಆ ಪುಡಿಯನ್ನು ಬೆರಳ ನಡುವೆ ತಿಕ್ಕುತ್ತ ಬಂದಳು. ಸೀಮೆಎಣ್ಣೆ ಸುಟ್ಟರೆ ಕರಿ ಮಸಿ ಹಿಡಿಯುತ್ತದೆ. ಬಟ್ಟೆ ಸುಟ್ಟರೂ ಕರಿಯೇ. ಬಿಳಿ ಎಲ್ಲಿಂದ ಬಂತು? ನೀರಿನಲ್ಲಿ ನೆನೆಹಾಕಿದ ಬಿಲ್ಲೆ ಚಟಪಟ ಎನ್ನುವುದುಂಟೇ? ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು ಪರೀಕ್ಷಿಸಿದವಳು ಅವಳೇ. ಉಪ್ಪುನೀರು, ಸೋಪಿನ ನೀರು, ಎಣ್ಣೆ, ಹಾಲು, ಬೂದಿ ಎಲ್ಲದರಲ್ಲೂ. ಏನೂ ಆಗಿರಲಿಲ್ಲ.

*

ಮನೆಯಲ್ಲಿ ಅವಳ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಹಾಸಿಗೆ, ಕೌದಿ, ಪರದೆ ಎಲ್ಲ ಅಂಗಳದ ಹಗ್ಗದ ಮೇಲಿದ್ದವು. ಎಪ್ಪತ್ತು ದಾಟಿದರೂ ಮಾನಮಿ ಬಂತೆಂದರೆ ಅವ್ವನ ಮೈಮೇಲೆ ದೇವರು ಬಂದ ಹಾಗೆ. ಮನೆಯ ಒಂದು ಚಮಚವೂ ಅವಳ ಕೈಯಿಂದ ತಪ್ಪಿಸಿಕೊಳ್ಳುವಂತಿಲ್ಲ.

"ಬಂದೇನು ನೀಲಾ? ಕೈಕಾಲು ತೊಳಕೊಂಡು ಬಾ, ಆ ಹಿತ್ತಲ ಬಕೀಟು ಒಂದೀಟು ಎತ್ತಿಕೊಡು. ನಿನ್ನಿಯಿಂದ ನೆನದಾವು, ಇಷ್ಟೊತ್ತಿಗೆ ಫಳಫಳ ಆಗಿರ್ತಾವು."

"ಏನು ನೆನದಾವು?"

"ಹಿತ್ತಾಳಿ ಸಾಮಾನು. ನಿನ್ನ ಬಿಲ್ಲೀನೂ ಹಾಕೀನಿ. ಅವುಕ್ಕ ಬ್ಯಾರೆ ಸೋಪು ಎಲ್ಲಿಂದ ತರೂದು, ಹುಣಸೀಹುಳಿಯಾಗ ಎಲ್ಲಾ ಹೋಗ್ತೈತಿ."

ನೀಲಗಂಗಾಳ ಕೈಯಿಂದ ಚೀಲ ಕೆಳಗೆ ಬಿತ್ತು.

ಹುಳಿ. ಧಾರವಾಡದ ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಪ್ರತಿ ವರ್ಷ ಮಾಡಿ ತೋರಿಸುತ್ತಿದ್ದ ಆಟ ಅದು. ಮೆಗ್ನೀಸಿಯಂ ಸಿಲಿಸೈಡ್ ಪುಡಿಯನ್ನು ಆಮ್ಲಕ್ಕೆ ಹಾಕಿದರೆ ಗುಳ್ಳೆ ಏಳುತ್ತವೆ, ಮೇಲೆ ಬಂದು ಒಡೆದ ಒಂದೊಂದು ಗುಳ್ಳೆಯೂ ಚಟ್ಟೆಂದು ತಾನೇ ಹೊತ್ತಿಕೊಂಡು ಬಿಳಿ ಹೊಗೆ ಬಿಡುತ್ತದೆ. ಆ ಅನಿಲದ ಹೆಸರು ಸೈಲೇನ್. ಅದಕ್ಕೆ ಕಡ್ಡಿ ಬೇಡ, ಕಿಡಿ ಬೇಡ. ಗಾಳಿ ಸೋಕಿದರೆ ಸಾಕು. ಸುಟ್ಟ ಮೇಲೆ ಉಳಿಯುವುದು ಬಿಳಿ ಮರಳಿನ ಹಿಟ್ಟು. ಮುಚ್ಚಿದ ಬಕೆಟ್ಟಿನಲ್ಲಿ ಒಳಗಿದ್ದಷ್ಟು ಗಾಳಿ ತೀರುವವರೆಗೆ ಚಟಪಟ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾಗಿ, ಮುಚ್ಚಳದ ಕೆಳಗೆ ತುಂಬಿಕೊಳ್ಳುತ್ತ ಕಾಯುತ್ತದೆ.

"ಅವ್ವಾ, ಮುಟ್ಟಬ್ಯಾಡ!"

ಅವ್ವ ಆಗಲೇ ಹಿತ್ತಲಿಗೆ ಹೋಗಿ ಬಕೆಟ್ಟಿನ ಮೇಲಿನ ಕಲ್ಲು ಎತ್ತಿ ಕೆಳಗಿಟ್ಟಿದ್ದಳು. ನೀಲಗಂಗಾ ಓಡಿ ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದರು. "ಏನ ಹುಚ್ಚು ಹಿಡಿದೈತೇನ ನಿನಗ?" ಎಂದು ಅವ್ವ ಬೈಯತೊಡಗಿದಳು. ನೀಲಗಂಗಾ ಎದ್ದಳು. ಅವ್ವನನ್ನು ಒಳಗೆ ತಳ್ಳಿ, ಬಟ್ಟೆ ಒಣಹಾಕುವ ಉದ್ದನೆಯ ಬಿದಿರು ಗಳ ತಂದು, ಗೋಡೆಯ ಮರೆಯಲ್ಲಿ ನಿಂತು ಅದರ ತುದಿಯಿಂದ ಮುಚ್ಚಳ ತಳ್ಳಿದಳು.

ಭಗ್ಗೆಂದಿತು. ಜ್ವಾಲೆ ಪೇರಲ ಗಿಡದ ಕೆಳಗಿನ ಟೊಂಗೆಯವರೆಗೆ ಎದ್ದು, ಎಲೆಗಳನ್ನು ಸುಟ್ಟು, ಅಷ್ಟೇ ಬೇಗ ಅಡಗಿತು. ಬಿಳಿ ಹಿಟ್ಟು ಬಚ್ಚಲ ಕಲ್ಲಿನ ಮೇಲೆ, ಗೋಡೆಯ ಮೇಲೆ ನಿಧಾನ ಇಳಿದು ಕೂತಿತು. ಹುಳಿನೀರಿನಲ್ಲಿ ತಂಬಿಗೆಗಳು ನಿಜಕ್ಕೂ ಫಳಫಳ ಹೊಳೆಯುತ್ತಿದ್ದವು. ಬಿಲ್ಲೆಯ ಉಕ್ಕಿನ ಕವಚ ವರ್ಷವಿಡೀ ಕಾದು ಆರಿ ಅಂಚಿನಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಅಷ್ಟು ಸಾಕಾಗಿತ್ತು.

ಅವ್ವ ಬಾಗಿಲಲ್ಲಿ ನಿಂತು ಸುಟ್ಟ ಪೇರಲ ಎಲೆಗಳನ್ನು ನೋಡಿದಳು. ಆಮೇಲೆ, "ಆ ಮುದುಕಿ ಹಚ್ಚಿಲ್ಲ ಹಂಗಾರ," ಎಂದಳು.

"ಇಲ್ಲವ್ವಾ. ನಾವು ಹಚ್ಚೀವಿ."

"ನಾಳಿ ಬಿಟ್ಟು ನಾಡದ ಅಮಾಸಿ ನೀಲಾ. ನಮ್ಮ ಸೀಮ್ಯಾಗ ಯಾವ ಮನ್ಯಾಗ ಹುಣಸೀಹುಳಿ ಕಲಸೂದಿಲ್ಲ ಹೇಳು?"

*

ಮರುದಿನ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಅವಳು ಕಾಳಗಿಯವರ ಕೋಣೆಯಲ್ಲಿದ್ದಳು. ಒಡೆದ ಬಿಲ್ಲೆಯನ್ನು ಅವರ ಗಾಜಿನ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವರು ದಡ್ಡರಲ್ಲ. ಹುಣಸೆ ಎಂಬ ಮಾತು ಬಂದ ಕ್ಷಣವೇ ಅವರಿಗೆ ಪೂರ್ತಿ ಅರ್ಥವಾಯಿತು. ಅದು ಅವರ ಮುಖದಲ್ಲಿ ಕಂಡಿತು. ಅರ್ಥವಾದ ಮೇಲೂ ಅವರು ಹೇಳಿದ್ದು ಮಾತ್ರ ಬೇರೆ.

"ಕೈಪಿಡಿಯಲ್ಲಿ ಬರೆದಿದೆಯಲ್ಲ. ಆಮ್ಲಗಳಿಂದ ದೂರವಿಡಿ ಅಂತ."

"ಹುಣಸೆಹಣ್ಣನ್ನು ಯಾರು ಸರ್ ಆಮ್ಲ ಅಂತಾರೆ? ಅದು ಅವರಿಗೆ ಸಾರಿಗೆ ಹಾಕೋ ಹುಳಿ! ನಮ್ಮ ಅವ್ವನ ಮುಂದೆ ಆಮ್ಲ ಅಂದರೆ ಬಾಟಲಿಯಲ್ಲಿರೋ ವಿಷ ಅಂದ್ಕೋತಾಳೆ."

"ಅದು ಬಳಕೆದಾರರ ತಪ್ಪು."

"ಕಂಬಗಳಿಗೆ ಗಾಜಿನ ಲೇಪ ಇತ್ತು. ನಾನು ಹಾಕಿಸಿದ್ದೆ. ಅದು ಇದ್ದಿದ್ದರೆ ಹುಳಿ ಒಳಗೆ ಹೋಗ್ತಿರಲಿಲ್ಲ. ನೀವು ತೆಗೆಸಿದಿರಿ."

"ಲೇಪದ ಮೂಲಕ ಬಿಸಿ ಸೋರ್ತಿತ್ತು. ಗುಣಾಂಕ ಒಂದು ಪಾಯಿಂಟ್ ಎಂಟಕ್ಕೆ ಬೀಳ್ತಿತ್ತು. ಒಂದು ಪಾಯಿಂಟ್ ಎಂಟಕ್ಕೆ ಯಾರು ತಲೆ ಎತ್ತಿ ನೋಡ್ತಾರೆ?" ಅವರು ಮೊದಲ ಸಲ ದನಿ ಏರಿಸಿದರು. "ಕವಚ ಸಾಕು ಅಂದಾಗ ನೀವೂ ಒಪ್ಪಿದ್ದಿರಿ. ಪರೀಕ್ಷೆಗಳ ಪಟ್ಟಿ ಮಾಡಿದ್ದು ಯಾರು? ಹಾಲು, ಎಣ್ಣೆ, ಸೋಪು! ಹುಣಸೆಹಣ್ಣು ಯಾಕೆ ಬಿಟ್ಟಿರಿ? ಇದು ಹೊರಗೆ ಬಂದರೆ ಮೊದಲು ಬೀಳೋ ತಲೆ ನಿಮ್ಮದು."

ಏಟು ತಾಗಿತು. ಪಟ್ಟಿಯನ್ನು ಅವಳು ಪರದೇಶದ ಮಾನಕ ನೋಡಿ ಮಾಡಿದ್ದಳು. ಅಲ್ಲಿ ಯಾರೂ ಹುಣಸೆಹಣ್ಣಿನಿಂದ ಪಾತ್ರೆ ತಿಕ್ಕುವುದಿಲ್ಲ. ಆದರೆ ಹುಟ್ಟೂರು ಯಲಬುರ್ಗಿಯ ಮನೆಯ ಹಿತ್ತಲಲ್ಲಿ ಪ್ರತಿ ಸೋಮವಾರ, ಪ್ರತಿ ಹಬ್ಬಕ್ಕೆ ದೇವರ ಸಮೆ ತಿಕ್ಕಿ ಉಗುರು ಸವೆಸಿಕೊಂಡವಳು ಅವಳು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ಹಿತ್ತಲನ್ನೂ ಹೊರಗೇ ಬಿಟ್ಟು ಬಂದಿದ್ದಳೇನೋ. ಕಾಳಗಿಯ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಿಟ್ಟು ತನ್ನ ಮೇಲೂ ಉಕ್ಕಿತು.

"ಬೀಳಲಿ ಸರ್ ನನ್ನ ತಲೆ. ಇವತ್ತೇ ಎಲ್ಲರಿಗೂ ತಿಳಿಸಿ. ಇವತ್ತು ಮನೆ ಮನೆಯಲ್ಲೂ ನೆನೆಹಾಕ್ತಾರೆ."

"ಹಬ್ಬ ಮುಗಿಯಲಿ. ಉದ್ಘಾಟನೆ ಆಗಲಿ. ಆಮೇಲೆ ನಿಧಾನಕ್ಕೆ ಒಂದು ಪ್ರಕಟಣೆ ಕೊಡೋಣ, ಬಿಲ್ಲೆಯನ್ನು ಸೋಪಿನಿಂದಲೇ ತೊಳೆಯಿರಿ ಅಂತ. ಗಾಬರಿ ಎಬ್ಬಿಸೋದು ಬೇಡ."

"ಮತ್ತೆ ಫಕೀರವ್ವ?"

"ಯಾರು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಕನಿಷ್ಠ ಎಮ್ಮೆಯ ಹೆಸರಾದರೂ ತಿಳಿದಿಟ್ಟುಕೊಂಡಿರುತ್ತಾರೆ. ಮೇಜಿನ ಮೇಲೆ ಅವಳ ಸಹಿಗಾಗಿ ವರದಿ ಕಾದಿತ್ತು. ಅದನ್ನು ಮುಟ್ಟದೆ ಬಾಗಿಲನ್ನು ಧಡ್ಡೆಂದು ಎಳೆದು ಹೊರಗೆ ಬಂದಳು.

*

ನಿಯಂತ್ರಣ ಕೋಣೆ ಕಟ್ಟಡದ ಹಿಂಭಾಗದಲ್ಲಿತ್ತು. ಒಂದು ಗೋಡೆಯ ತುಂಬ ಮೂರು ಜಿಲ್ಲೆಗಳ ನಕಾಶೆ, ಬಿಲ್ಲೆ ಇರುವ ಪ್ರತಿ ಒಲೆಗೂ ಒಂದು ಹಳದಿ ಚುಕ್ಕೆ. ಒಲೆಯಿಂದ ಬಿಲ್ಲೆ ಕಿತ್ತರೆ ಚುಕ್ಕೆ ಆರುತ್ತದೆ. ನಕಾಶೆಯ ಮುಂದೆ ಮೌಲಾಹುಸೇನ್ ಚಹಾ ಕುಡಿಯುತ್ತ ಕೂತಿದ್ದ. ಕೇಂದ್ರ ಶುರುವಾದಾಗಿನಿಂದ ಈ ಕೋಣೆಯ ಆಪರೇಟರ್ ಅವನೇ.

"ನೋಡ್ರಿ ಮೇಡಂ, ನಿನ್ನಿ ಸಂಜಿಯಿಂದ ಹಿಂಗ ಆರಾಕತ್ತಾವು," ಎಂದ. "ಏನ್ ಲೈನ್ ಹೋತೇನೋ ಅಂತ ಫೋನ್ ಮಾಡಿ ಕೇಳಿದೆ. ಹಬ್ಬದ ತೊಳಿಯಾಟ ಅಂದ್ರು. ನಮ್ಮ ಬೀದಿಯಾಗೂ, ಮನ್ಯಾಗೂ ಅದ ನಡದೈತಿ."

ಅವಳು ನೋಡುತ್ತ ನಿಂತಳು. ಕುಷ್ಟಗಿಯ ಕಡೆ ಒಂದು ಹಿಡಿಯಷ್ಟು ಚುಕ್ಕೆಗಳು ಆರಿದವು. ಕಂಪ್ಲಿಯ ಕಡೆ ಇನ್ನೊಂದಿಷ್ಟು. ಮೌಲಾಹುಸೇನನಿಗೆ ಅದು ಆರಿದ ದೀಪ. ಅವಳಿಗೆ ಅದು ಹುಳಿಯಲ್ಲಿ ಮುಳುಗಿದ ಬಿಲ್ಲೆ, ಮೇಲೊಂದು ಮುಚ್ಚಳ, ಬೆಕ್ಕಿಗೆಂದು ಒಂದು ಕಲ್ಲು. ಪ್ರತಿ ಬಕೆಟ್ಟಿನ ಹತ್ತಿರವೂ ಇವತ್ತೋ ನಾಳೆಯೋ ಒಬ್ಬ ಹುಲಿಗೆಮ್ಮ ಬಗ್ಗುತ್ತಾಳೆ.

"ಗೋಡೆಪೆಟ್ಟಿಗೆಗೆ ಇಲ್ಲಿಂದ ಮಾತಾಡಬಹುದೇನು ಮೌಲಾಣ್ಣ?"

"ಸಾಹೇಬ್ರ ರೆಕಾರ್ಡ್ ಹೋಗೂದ ಇಲ್ಲಿಂದ. ಲೈವ್ ಮಾಡಾಕ ಪರ್ಮಿಶನ್ ಬೇಕ್ರಿ."

ಅವಳು ಹೇಳಿದಳು. ಪೂರ್ತಿ ಹೇಳುವಷ್ಟರಲ್ಲಿ ಅವನ ಚಹಾದ ಲೋಟ ಮೇಜಿನ ಮೇಲೆ ಕೂತಿತ್ತು, ಅವನು ಎದ್ದು ನಿಂತಿದ್ದ. ಮೊದಲು ಫೋನೆತ್ತಿ ಮನೆಗೆ ಹಚ್ಚಿದ. "ಫಾತಿಮಾ, ಅಮ್ಮಾಜಾನ್ ಬಕೀಟು ಮುಟ್ಟಿದ್ರೇನ? ಬ್ಯಾಡ, ದೂರ ಸರೀರಿ ಎಲ್ಲಾರೂ," ಎಂದು ಕೂಗಿದ. ಆಮೇಲೆ ನೀಲಗಂಗಾಳ ಕಡೆ ತಿರುಗಿ ಕುರ್ಚಿ ಎಳೆದುಕೊಟ್ಟ. "ಆ ಕೆಂಪು ಬಟನ್ ಒತ್ತಿ ಮಾತಾಡ್ರಿ. ಪರ್ಮಿಶನ್ ಯಾವನು ಕೇಳ್ತಾನ ನಾ ನೋಡ್ತೀನಿ." ಹೋಗಿ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಅವಳು ಬಟನ್ ಒತ್ತಿದಳು. ಸಭೆಗಳಲ್ಲಿ ಆಡುವ ಕನ್ನಡ ನಾಲಿಗೆಗೆ ಬಂತು, ಅದನ್ನು ನುಂಗಿದಳು. ಬಾಯಿಂದ ಹೊರಬಂದದ್ದು ಅವ್ವನ ದನಿ.

"ಅವ್ವಗಳ್ರಾ, ಅಕ್ಕಗಳ್ರಾ, ಕೈಯಾಗಿನ ಕೆಲಸ ಬಿಟ್ಟು ಕೇಳ್ರಿ. ಒಲಿ ಬಿಲ್ಲೀನ್ನ ಹುಣಸೀಹುಳಿಯಾಗ ಹಾಕಬ್ಯಾಡ್ರಿ. ಲಿಂಬಿಹಣ್ಣು, ಮಜ್ಜಿಗಿ, ಯಾವ ಹುಳೀನೂ ಬ್ಯಾಡ. ಹಾಕಿದ್ರ ಬಕೀಟಿನ ಮುಚ್ಚಳ ಕೈಲೆ ತಗೀಬ್ಯಾಡ್ರಿ, ಬೆಂಕಿ ತಾನ ಹತ್ತತೈತಿ. ಹುಡುಗ್ರನ್ನ ಒಳಗ ಕಳಿಸ್ರಿ. ಗ್ವಾಡಿ ಮರಿಯಾಗ ನಿಂತು, ಉದ್ದನ ಗಳದ ತುದೀಲೆ ಮುಚ್ಚಳ ನೂಕ್ರಿ. ಭ ಅಂತ ಉರದು ಆರ್ತೈತಿ. ಆರಿದ ಮ್ಯಾಲೂ ಹತ್ರ ಹೋಗಬ್ಯಾಡ್ರಿ, ಹಗಲೆಲ್ಲಾ ಬಯಲಾಗ ತೆರದ ಬಿಡ್ರಿ."

ಹೊರಗೆ ಬಾಗಿಲು ಬಡಿಯತೊಡಗಿದರು. "ಡಾಕ್ಟರ್ ನೀಲಗಂಗಾ! ತೆಗೀರಿ ಬಾಗಿಲು!" ಕಾಳಗಿಯವರ ದನಿಯಲ್ಲಿ ಸಭ್ಯತೆ ಉಳಿದಿರಲಿಲ್ಲ.

"ಇನ್ನೊಂದು ಮಾತು," ಎಂದಳು ನೀಲಗಂಗಾ. "ಫಕೀರವ್ವ ಅಂತ ಒಬ್ಬ ಹಿರ್ಯಾಕೀನ್ನ ಸೊಸೀನ್ನ ಸುಟ್ಟಾಳ ಅಂತ ಜೈಲಿಗೆ ಹಾಕ್ಯಾರ. ಅಕಿ ಸುಟ್ಟಿಲ್ಲ. ಸೊಸಿ ಸೀರಿ ಬೆಂಕಿ ಬರೇ ಕೈಲೆ ಆರಿಸ್ಯಾಳ. ಸುಟ್ಟಿದ್ದು ಈ ಬಿಲ್ಲಿ. ಬಿಲ್ಲಿ ಮಾಡಿದ್ದು ನಾನು, ನೀಲಗಂಗಾ ಅಂಗಡಿ. ಹುಳಿ ತಾಗಬಾರದು ಅಂತ ಹಾಕಿದ್ದ ಲೇಪ ತಗಸಿದ್ದು ನಮ್ಮ ಸಂಸ್ಥೆ. ಅಂಕಿ ಸಲುವಾಗಿ ತಗಸಿದ್ರು, ನಾ ಸುಮ್ಮನ ಒಪ್ಪಿದೆ. ನಿಮ್ಮ ಹಿತ್ತಲದಾಗ ಭ ಅಂದಾಗ ಆ ಮುದುಕೀನ್ನ ನೆನಸ್ರಿ."

ಅವಳು ಬಟನ್ ಬಿಟ್ಟಳು. ಅಷ್ಟು ಹೊತ್ತಿಗೆ ಬಾಗಿಲ ಅಗುಳಿ ಕಿತ್ತುಬಂದಿತ್ತು.

*

ಆ ದಿನ ಮೂರು ಜಿಲ್ಲೆಗಳ ಹಿತ್ತಲುಗಳಲ್ಲಿ ಎಷ್ಟು ಕಡೆ ಭಗ್ಗೆಂದಿತೋ ಲೆಕ್ಕ ಇಟ್ಟವರಿಲ್ಲ. ಪೇರಲ ಗಿಡ ಸುಟ್ಟವು, ಒಣಹಾಕಿದ ಕೌದಿ ಸುಟ್ಟವು, ಒಂದು ಊರಿನಲ್ಲಿ ಮೇವಿನ ಬಣವೆಗೆ ತಾಗಿ ಊರಿಗೆ ಊರೇ ನೀರು ಹೊತ್ತು ಓಡಿತು. ಯಾರ ಮೈಯೂ ಸುಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಸದ್ದು ಬಂದದ್ದು ಪೊಲೀಸ್ ಕ್ವಾರ್ಟರ್ಸಿನಿಂದ. ಫಕೀರವ್ವನನ್ನು ಹಿಡಿದೊಯ್ದ ಇನ್‌ಸ್ಪೆಕ್ಟರನ ಹೆಂಡತಿ ಬಿದಿರು ಗಳವನ್ನು ಗಂಡನ ಕೈಗೇ ಕೊಟ್ಟು, "ನೀರು ಹತ್ತೂದಿಲ್ಲ ಅಂದಿದ್ರಲ್ಲ, ನೂಕ್ರಿ ಈಗ" ಎಂದಳಂತೆ. ಅವನ ಮೀಸೆಯ ಒಂದು ತುದಿ ಕರಕಾಯಿತು, ಮುಖಕ್ಕೆ ಬಿಳಿ ಹಿಟ್ಟು ಮೆತ್ತಿತು. ಮುದುಕಿಯನ್ನು ಬಿಡಿಸುವ ಕಾಗದಕ್ಕೆ ಆಮೇಲೆ ಹೆಚ್ಚು ದಿನ ಹಿಡಿಯಲಿಲ್ಲ.

ನಕಾಶೆಯ ಮೇಲೆ ಸಂಜೆಯ ಹೊತ್ತಿಗೆ ಒಂದೂ ಹಳದಿ ಚುಕ್ಕೆ ಉಳಿಯಲಿಲ್ಲ. ತೊಳೆಯಲೆಂದು ಕಿತ್ತವರು ಹಿಂದಕ್ಕೆ ಸಿಕ್ಕಿಸಲಿಲ್ಲ, ಕೀಳದೆ ಇದ್ದವರೂ ಕಿತ್ತು ಬೀದಿಗೆಸೆದರು. ಅಮಾವಾಸ್ಯೆ ಕಳೆದ ಮೇಲೆ ಹೆಂಗಸರು ಟ್ರ್ಯಾಕ್ಟರುಗಳಲ್ಲಿ ಬಂದು, ಬುಟ್ಟಿಗಟ್ಟಲೆ ಬಿಲ್ಲೆಗಳನ್ನು ಕೇಂದ್ರದ ಗೇಟಿನ ಮುಂದೆ ಸುರಿದು ಹೋದರು. ರಾಶಿ ಏರಿ ಏರಿ ೨.೧ ಎಂಬ ಫಲಕದ ಸೊಂಟ ಮುಟ್ಟಿತು. ವಿಜಯದಶಮಿಯ ಉದ್ಘಾಟನೆ ನಡೆಯಲಿಲ್ಲ. ಕಾಳಗಿಯವರನ್ನು ದಿಲ್ಲಿಗೆ ಕರೆಸಿಕೊಂಡರು; ಅಂಥವರಿಗೆ ಎಲ್ಲಾದರೂ ಒಂದು ಕುರ್ಚಿ ಇದ್ದೇ ಇರುತ್ತದೆ. ನೀಲಗಂಗಾ ಮತ್ತು ಮೌಲಾಹುಸೇನನನ್ನು ಅಮಾನತು ಮಾಡಿದರು.

ಬನ್ನಿ ಹಬ್ಬದ ದಿನ ಅವಳು ಆಸ್ಪತ್ರೆಗೆ ಹೋದಳು. ಎಲ್ಲರೂ ಬಂಗಾರದ ಹಾಗೆ ಇರೋಣ ಎಂದು ಬನ್ನಿ ಎಲೆ ಕೊಡುವ ದಿನ ಅದು; ಅವಳ ಕೈಯಲ್ಲಿಯೂ ನಾಲ್ಕು ಎಲೆಗಳಿದ್ದವು. ಹುಲಿಗೆಮ್ಮನ ಮಂಚದ ಪಕ್ಕದಲ್ಲಿ ಸಣಕಲು ಮುದುಕಿಯೊಬ್ಬಳು ಕೂತಿದ್ದಳು, ಎರಡೂ ಅಂಗೈಗೆ ಬ್ಯಾಂಡೇಜು. ಆ ಕೈಗಳಿಂದ ಚಮಚ ಹಿಡಿಯಲು ಬಾರದೆ, ಮುಂಗೈಗಳ ನಡುವೆ ಬಟ್ಟಲು ಒತ್ತಿಹಿಡಿದು ಸೊಸೆಗೆ ಗಂಜಿ ಕುಡಿಸುತ್ತಿದ್ದಳು.

"ಅತ್ತೀ, ಇವರ ನೋಡು ಪೆಟಿಗ್ಯಾಗ ಮಾತಾಡಿದವ್ರು," ಎಂದಳು ಹುಲಿಗೆಮ್ಮ.

ಫಕೀರವ್ವ ಬಟ್ಟಲು ಕೆಳಗಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೀಲಗಂಗಾ ಬನ್ನಿ ಎಲೆ ಮುಂದೆ ಚಾಚಿದಳು. ಮುದುಕಿ ತೆಗೆದುಕೊಳ್ಳಲಿಲ್ಲ, ಅವಳ ಬೆರಳುಗಳೂ ಬ್ಯಾಂಡೇಜಿನೊಳಗಿದ್ದವು.

"ಎಲ್ಲಿಯವರಬೇ ನೀವು?"

"ಯಲಬುರ್ಗಿಯವ್ರು."

"ಹಂಗಾರ ನಮ್ಮ ಕಡಿಯಾಕೀನ. ನೀನೂ ಹುಣಸೀಹಣ್ಣಿಲೆ ಸಾಮಾನು ತಿಕ್ಕಿ ದೊಡ್ಡಾಕಿ ಆದಾಕೀನ ಅಲ್ಲೇನಬೇ?"

ಕಿವಿ ಕಾಯಲಿಲ್ಲ ಈ ಸಲ. ಸಿಟ್ಟು ಮಾಡಲು ಅಲ್ಲಿ ತನ್ನ ಹೊರತು ಬೇರೆ ಯಾರೂ ಇರಲಿಲ್ಲ.

"ಹೌದವ್ವಾ," ಎಂದಳು ನೀಲಗಂಗಾ.

ಫಕೀರವ್ವ ಬಟ್ಟಲನ್ನು ಮತ್ತೆ ಮುಂಗೈಗಳ ನಡುವೆ ಒತ್ತಿ ಹಿಡಿಯಲು ನೋಡಿದಳು, ಅದು ಜಾರಿತು. ನೀಲಗಂಗಾ ಬನ್ನಿ ಎಲೆಗಳನ್ನು ಮಂಚದ ಮೇಲಿಟ್ಟು, ಬಟ್ಟಲು ತೆಗೆದುಕೊಂಡು, ಹುಡುಗಿಗೆ ಗಂಜಿ ಕುಡಿಸತೊಡಗಿದಳು.